ಅಮೆರಿಕದ ಅಕ್ರಮ-ಸಕ್ರಮ: ಜನ ಬೇಡ ಅನ್ನುವುದು ಸರಿಯೇ?

ಪರ: ಒಮ್ಮೆ ನಂಬಿ ಕೆಟ್ಟಿದ್ದಾರೆ

ಸೆಟ್‌ಬ್ಯಾಕ್ ಬಿಟ್ಟು, ಪ್ಲಾನ್ ಪಾಸು ಮಾಡಿಸಿ ಮನೆ ಕಟ್ಟಿದವನಿಗೆ ಅಕ್ರಮ-ಸಕ್ರಮದ ಸುದ್ದಿ ಓದಿದಾಗ ಹೊಟ್ಟೆ ಉರಿಯುತ್ತದಲ್ಲ, ಅಮೆರಿಕದಲ್ಲಿ 'ಆಮ್ನೆಸ್ಟಿ' (ವಾಸದ ಕಾಗದ ಇಲ್ಲದ ವಲಸಿಗರನ್ನು ಕ್ಷಮಿಸಿ ಸಕ್ರಮ ಮಾಡುವುದು) ಅಂದಾಗ ಏಳುವ ಸಿಟ್ಟೂ ಅದೇ ಜಾತಿಯದು. ಅದನ್ನು ಬರೀ ಜನಾಂಗದ್ವೇಷ ಅಂತ ತಳ್ಳಿಹಾಕುವವರು 1986ರ ಕಥೆ ಮರೆತಿದ್ದಾರೆ.

ಆಗ ಆ ಪದ ಬೈಗುಳ ಆಗಿರಲಿಲ್ಲ. 1984ರ ಚುನಾವಣಾ ಚರ್ಚೆಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅದೇ ಪದ ಬಳಸಿ, ಇಲ್ಲಿ ಬೇರುಬಿಟ್ಟವರಿಗೆ ಕ್ಷಮೆ ಕೊಡಲು ತನ್ನ ಒಪ್ಪಿಗೆ ಇದೆ ಎಂದಿದ್ದರು. 1986ರ ನವೆಂಬರ್‌ನಲ್ಲಿ ಕಾಯ್ದೆಗೆ ಸಹಿಯೂ ಬಿತ್ತು. ಅದೊಂದು ಕೊಡು-ಕೊಳ್ಳುವ ಮಾತು. 1982ಕ್ಕೂ ಮೊದಲಿನಿಂದ ಇದ್ದವರಿಗೆ, ಹೊಲದಲ್ಲಿ ದುಡಿದವರಿಗೆ ಕಾಗದ ಕೊಡಬೇಕು. ಇನ್ನು ಮುಂದೆ ಕಾಗದ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕರಿಗೆ ದಂಡ ಹಾಕಬೇಕು.

ಮೊದಲನೆಯದು ಆಯಿತು. ಸುಮಾರು 27 ಲಕ್ಷ ಜನ ಸಕ್ರಮವಾದರು. ಎರಡನೆಯದು ಏನಾಯಿತು ಅಂತ ನೋಡಬೇಕಾದರೆ ಐ-9 ಅನ್ನುವ ಫಾರಂ ನೋಡಬೇಕು. ಕೆಲಸಕ್ಕೆ ಸೇರುವವನು ಒಂದು ಗುರುತಿನ ಚೀಟಿ, ಒಂದು ಸೋಶಿಯಲ್ ಸೆಕ್ಯುರಿಟಿ ಕಾರ್ಡು ತಂದು ಮೇಜಿನ ಮೇಲಿಡುತ್ತಾನೆ. ಮಾಲೀಕ ತಿರುಗಿಸಿ ನೋಡುತ್ತಾನೆ. ನೋಡೋಕೆ ಅಸಲಿ ಥರ ಇದ್ದರೆ ಮುಗಿಯಿತು, ಸಹಿ. ಇನ್ನೊಂದು ದಾಖಲೆ ತಾ ಅಂತ ಜಾಸ್ತಿ ಕೆದಕಿದರೆ ತಾರತಮ್ಯದ ಕೇಸು ಅವನ ಮೇಲೆಯೇ ಬೀಳಬಹುದು. ಲಾಭ ಆಗಿದ್ದು ನಕಲಿ ಕಾರ್ಡು ಮಾಡುವವರಿಗೆ. ಹೊಲದ ಕೂಲಿಗಳ ಪಾಲಿನಲ್ಲಂತೂ 90 ದಿನ ದುಡಿದಿದ್ದೇನೆ ಅನ್ನುವ ಪತ್ರಗಳು ಎಷ್ಟು ಬಂದವೆಂದರೆ, ಸರ್ಕಾರ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಅರ್ಜಿಗಳಾದವು.

ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ 1990ರಲ್ಲಿ ಕಾಗದ ಇಲ್ಲದವರು 35 ಲಕ್ಷ. 2007ರಲ್ಲಿ 1 ಕೋಟಿ 20 ಲಕ್ಷ ದಾಟಿತ್ತು. 2023ರಲ್ಲಿ 1 ಕೋಟಿ 40 ಲಕ್ಷ. ಕೊಟ್ಟಿದ್ದು ಹೋಯಿತು, ಬರಬೇಕಾದ್ದು ಬರಲಿಲ್ಲ. ಹೀಗಾದ ಮೇಲೆ ಅದೇ ಅಂಗಡಿಯವನು ಮತ್ತೆ ಮುಂಗಡ ಕೇಳಿದರೆ ಯಾರು ಕೊಡುತ್ತಾರೆ?

ಜನ ಕೊಡಲಿಲ್ಲ. 2007ರಲ್ಲಿ ಮತ್ತೆ ಸಕ್ರಮ ಮಾಡುವ, ಅಧ್ಯಕ್ಷ ಬುಷ್ ಬೆಂಬಲದ ಮಸೂದೆ ಬಂದಾಗ ಸೆನೆಟ್ಟಿನ ಫೋನ್ ವ್ಯವಸ್ಥೆಯೇ ಕೈಕೊಡುವಷ್ಟು ಕರೆಗಳು ಬಂದವು. ಬೇಕಿದ್ದುದು 60 ಮತ, ಸಿಕ್ಕಿದ್ದು 46. 2014ರಲ್ಲಿ ಎರಿಕ್ ಕ್ಯಾಂಟರ್, ಕೆಳಮನೆಯ ಬಹುಮತ ಪಕ್ಷದ ನಾಯಕ, ತನ್ನದೇ ಪಕ್ಷದ ಪ್ರೈಮರಿಯಲ್ಲಿ (ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ) ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರ ಎದುರು ಸೋತರು. ಆ ಮೇಷ್ಟ್ರು ಊರೂರಲ್ಲಿ ಹೇಳಿದ್ದು ಆಮ್ನೆಸ್ಟಿ ಬೇಡ ಅನ್ನುವ ಮಾತೇ.

ಇದು ಬಲಪಂಥೀಯರ ಹುಚ್ಚು ಅಂತಲೂ ಅನ್ನುವ ಹಾಗಿಲ್ಲ. ಸೀಸರ್ ಚಾವೆಜ್‌ರ ಕೃಷಿ ಕಾರ್ಮಿಕರ ಸಂಘ ಒಂದು ಕಾಲಕ್ಕೆ ಗಡಿ ದಾಟಿ ಬಂದವರ ವಿರುದ್ಧವೇ ನಿಂತಿತ್ತು. ಮುಷ್ಕರ ಹೂಡಿದರೆ ಮಾಲೀಕ ಅವರನ್ನು ಕರೆತಂದು ಕೆಲಸ ಮುಗಿಸುತ್ತಿದ್ದ.

ಇನ್ನು ನಮ್ಮವರ ವಿಷಯ. ಉದ್ಯೋಗದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ. ಬೆಂಗಳೂರಿನಿಂದ ಎಚ್-1ಬಿ ಮೇಲೆ ಹೋದ ದಂಪತಿ ಪ್ರತಿ ತಿಂಗಳು, ಯಾರ ಸರದಿ ಬಂತು ಅಂತ ಹೇಳುವ ವೀಸಾ ಬುಲೆಟಿನ್ ತೆರೆದು, ತಾರೀಕು ಒಂದು ವಾರ ಮುಂದೆ ಬಂತಾ, ಹಿಂದೆ ಹೋಯಿತಾ ಅಂತ ನೋಡುತ್ತಾರೆ. ಅಷ್ಟರಲ್ಲಿ ಮಗಳಿಗೆ 21 ತುಂಬುತ್ತದೆ. ಅಪ್ಪ-ಅಮ್ಮನ ವೀಸಾದ ನೆರಳು ಅಲ್ಲಿಗೆ ಮುಗಿಯಿತು. ಚಿಕ್ಕಂದಿನಲ್ಲೇ ಬಂದ, ಕಾಗದ ಇಲ್ಲದವರನ್ನು ಗಡೀಪಾರಿನಿಂದ ಕಾಪಾಡಲು ಒಬಾಮ 2012ರಲ್ಲಿ ತಂದ 'ಡಾಕಾ' ರಕ್ಷಣೆಯೂ ಅವಳಿಗಿಲ್ಲ. ಅದು ಸಿಗಬೇಕಾದರೆ ಆ ವರ್ಷದ ಜೂನ್ 15ರಂದು ಕಾನೂನುಬದ್ಧ ಸ್ಥಾನಮಾನ ಇರಲೇಬಾರದಿತ್ತು! ಕಾಗದ ಸರಿ ಇಟ್ಟುಕೊಂಡಿದ್ದೇ ತಪ್ಪಾಯಿತು. ಆ ಅಪ್ಪ ಸಿಟ್ಟಾಗದೆ ಇನ್ನೇನು ಮಾಡಬೇಕು?

ವಿರೋಧ: ಸಾಲು ಎಲ್ಲಿದೆ, ತೋರಿಸಿ

ಮೇಲಿನ ವಾದದಲ್ಲಿ ನಿಜ ಜಾಸ್ತಿಯೇ ಇದೆ. ಆದರೆ ಬಿಲ್ಲು ತಪ್ಪು ಮನೆಗೆ ಹೋಗುತ್ತಿದೆ.

1986ರ ಮಾತು ಮುರಿದವರು ಯಾರು? ಐ-9 ಅನ್ನು ಅಷ್ಟು ಸಡಿಲ ಮಾಡಿದ್ದು ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು. ಕಣ್ಣು ಮುಚ್ಚಿ ಸಹಿ ಹಾಕಿದ್ದು ಮಾಲೀಕರು. ಗಡೀಪಾರು ಆಗುವುದು ಮಾತ್ರ ಪಾತ್ರೆ ತೊಳೆಯುವವನು.

'ಸಾಲಿನಲ್ಲಿ ಬನ್ನಿ' ಅನ್ನುತ್ತಾರೆ. ಎಂಜಿನಿಯರಿಗೆ ಉದ್ದದ್ದಾದರೂ ಒಂದು ಸಾಲಿದೆ. ಸ್ಟ್ರಾಬೆರಿ ಕೀಳುವವನಿಗೆ? ವಿಶೇಷ ತರಬೇತಿ ಬೇಡದ ಕೆಲಸಗಳಿಗೆ ಕಾಯಂ ವೀಸಾ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಹೆಚ್ಚೆಂದರೆ 10,000, ಹೆಂಡತಿ ಮಕ್ಕಳನ್ನೂ ಲೆಕ್ಕ ಹಿಡಿದು. ಹೋಗಲಿ, ಊರಿಗೆ ವಾಪಸ್ ಹೋಗಿ ಅರ್ಜಿ ಹಾಕೋಣ ಅಂದರೆ 1996ರ ಕಾಯ್ದೆ ಅಡ್ಡ ನಿಂತಿದೆ. ಒಂದು ವರ್ಷ ಅಕ್ರಮವಾಗಿ ಇದ್ದು ಹೊರಗೆ ಕಾಲಿಟ್ಟರೆ 10 ವರ್ಷ ಒಳಗೆ ಬರುವಂತಿಲ್ಲ. ಮೊದಲೆಲ್ಲ ಸುಗ್ಗಿಗೆ ಬಂದು ಊರಿಗೆ ಮರಳುತ್ತಿದ್ದ ಮೆಕ್ಸಿಕೋದ ಗಂಡಸರು ಗಡಿ ಕಾವಲು ಬಿಗಿಯಾದ ಮೇಲೆ ಹೋಗುವುದನ್ನೇ ಬಿಟ್ಟರು. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಸಂಖ್ಯೆ ಏರಿದ್ದಕ್ಕೆ ಇದೂ ಕಾರಣ, ಬರೀ ಕ್ಷಮೆಯ ಆಸೆ ಅಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕ್ಯಾಲಿಫೋರ್ನಿಯಾ ಮನೆಯೊಳಗೆ ಕೂತಾಗ ಹೊಲದ ಕೂಲಿಗಳಿಗೆ ಮಾಲೀಕರು ಒಂದೊಂದು ಪತ್ರ ಕೊಟ್ಟರು. ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿ, ದಾರಿಯಲ್ಲಿ ಪೊಲೀಸರು ತಡೆದರೆ ತೋರಿಸಿ ಅಂತ. ಇವರು ಅತ್ಯಗತ್ಯ ಕೆಲಸಗಾರರು ಎಂದು ಅದರಲ್ಲಿತ್ತು. ಆ ಪಟ್ಟಿ ಮಾಡಿದ್ದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ, ಇವರನ್ನೇ ಹಿಡಿದು ಹೊರಹಾಕುವ ಅಧಿಕಾರ ಇರುವ ಇಲಾಖೆ. ಅಮೆರಿಕದ ಹೊಲಗಳಲ್ಲಿ ದುಡಿಯುವ ಕೂಲಿಗಳಲ್ಲಿ ಹತ್ತಿರಹತ್ತಿರ ಶೇ 40 ಜನರಿಗೆ ಕಾಗದವಿಲ್ಲ. ಬೇಕು, ಆದರೆ ಹೆದರಿಕೊಂಡು ಇರಲಿ ಅನ್ನುವ ಏರ್ಪಾಡು ಇದು. ಇದಕ್ಕಿಂತ ಕ್ಷಮಾದಾನ ಪ್ರಾಮಾಣಿಕ ಅಲ್ವಾ?

ಕೂಲಿ ದರದ ಭಯ ನಿಜ. ಚಾವೆಜ್ ಹೇಳಿದ್ದೂ ನಿಜ. ಆದರೆ ಮಾಲೀಕನಿಗೆ ಅಗ್ಗಕ್ಕೆ ಸಿಗುವುದು ಬಾಯಿ ಬಿಡಲಾರದ ಕೂಲಿ. ಕಾಗದ ಸಿಕ್ಕಿದರೆ ಅವನೂ ಸಂಘ ಸೇರುತ್ತಾನೆ, ದೂರು ಕೊಡುತ್ತಾನೆ. 1986ರಲ್ಲಿ ಸಕ್ರಮವಾದವರ ಕೂಲಿ ಆಮೇಲೆ ಏರಿತು. ಆಗ ಮಾಲೀಕರಿಗೆ ದಂಡ ಬೇಕು ಅಂದಿದ್ದ ಅಮೆರಿಕದ ಅತಿ ದೊಡ್ಡ ಕಾರ್ಮಿಕ ಒಕ್ಕೂಟವೇ 2000ದಲ್ಲಿ ಮಾತು ಬದಲಿಸಿ, ಇವರನ್ನೆಲ್ಲ ಸಕ್ರಮ ಮಾಡಿ ಎಂದಿತು.

ಅಷ್ಟಕ್ಕೂ 'ಜನ ಬೇಡ ಅನ್ನುತ್ತಾರೆ' ಅನ್ನುವುದೇ ಅರ್ಧ ಸತ್ಯ. ಷರತ್ತು ಪೂರೈಸಿ, ಕೆಲವು ವರ್ಷ ಕಾದರೆ ಪೌರತ್ವ ಕೊಡಬಹುದೇ ಅಂತ ಸಮೀಕ್ಷೆ ಸಂಸ್ಥೆ ಗ್ಯಾಲಪ್ 2025ರಲ್ಲಿ ಕೇಳಿತು. ಶೇ 78 ಜನ ಆಗಲಿ ಎಂದರು. ಆಮ್ನೆಸ್ಟಿ ಅಂದರೆ ಕುದಿಯುವವರೇ ಷರತ್ತು ಬಿಡಿಸಿ ಹೇಳಿದರೆ ತಲೆಯಾಡಿಸುತ್ತಾರೆ.

2013ರಲ್ಲಿ ಬಂದ ಇನ್ನೊಂದು ಸಕ್ರಮ ಮಸೂದೆಯಲ್ಲಿ ಇದ್ದದ್ದೂ ಅದೇ. ದಂಡ, ಬಾಕಿ ತೆರಿಗೆ, ಪೂರ್ವಾಪರ ತಪಾಸಣೆ, ಪೌರತ್ವಕ್ಕೆ ಸುಮಾರು 13 ವರ್ಷದ ಕಾಯುವಿಕೆ. ಸೆನೆಟ್ಟಿನಲ್ಲಿ 68-32ರಿಂದ ಪಾಸಾಯಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಆಮ್ನೆಸ್ಟಿ ಅನ್ನುವ ಒಂದು ಕೂಗಿಗೆ ಅದು ಸತ್ತಿತು. ವೀಸಾ ಬುಲೆಟಿನ್ ನೋಡುತ್ತಾ ಕೂತ ಆ ಬೆಂಗಳೂರಿನ ಅಪ್ಪನಿಗೆ ಒಂದು ವಿಷಯ ಹೇಳಬೇಕು: ಉದ್ಯೋಗದ ಗ್ರೀನ್ ಕಾರ್ಡಿಗಿದ್ದ ಶೇ 7ರ ಮಿತಿಯನ್ನು ತೆಗೆದುಹಾಕುವ ಕಲಮೂ ಅದೇ ಮಸೂದೆಯಲ್ಲಿತ್ತು.