ಪಟಾಕಿ ಮುಂದೋ, ಹಿಂದೋ?

ಬಳ್ಳಾರಿಯ ಮೋತಿ ಸರ್ಕಲ್ಲಿನಲ್ಲಿ ಹಳೇ ಪದ್ಮಿನಿ ಕಾರೊಂದು ‘ಢಬ್’ ಎಂದರೆ ಸಾಕು, ಮಿರ್ಚಿ ಬಂಡಿ ಮುಂದೆ ನಿಂತವರೆಲ್ಲ ಮೆಕ್ಯಾನಿಕ್ಕುಗಳಾಗುತ್ತಾರೆ. “ಕಾರ್ಬೊರೇಟರ್ ಹೋಗೈತ್ರಿ, ಬದಲಿ ಮಾಡಿಸ್ರಿ” ಎಂಬ ತೀರ್ಪು ಬಾನೆಟ್ ತೆರೆಯುವ ಮೊದಲೇ ಬಂದಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ಮೊದಲು ಕಿವಿ ಕೊಡಬೇಕು. ಸದ್ದು ಮುಂದೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನದೋ, ಹಿಂದೆ ಸೈಲೆನ್ಸರಿನದೋ? ಮುಂದೆ ‘ಫಟ್ ಫಟ್’ ಎಂದು ಕೆಮ್ಮಿದರೆ ಬಹುಮಟ್ಟಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅಂಥ ಮಿಶ್ರಣ ನಿಧಾನ ಉರಿಯುತ್ತದೆ. ಮಿಶ್ರಣವನ್ನು ಒಳಗೆ ಬಿಡುವ ವಾಲ್ವ್ ಮತ್ತೆ ತೆರೆಯುವಾಗಲೂ ಬೆಂಕಿ ಉಳಿದಿದ್ದರೆ ಅದು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. (ಇಣುಕಿ ನೋಡುವವರ ಹುಬ್ಬು ಹೋಗುವುದು ಈ ಹೊತ್ತಿನಲ್ಲೇ. ಬೀಡಿಯನ್ನಂತೂ ಹತ್ತಿರ ತರಲೇಬೇಡಿ.) ಆಕ್ಸಿಲರೇಟರ್ ಬಿಟ್ಟಾಗ ಹಿಂದೆ ‘ಢಬ್’ ಎಂದರೆ, ಎಂಜಿನ್ನಿನಲ್ಲಿ ಸುಡದ ಪೆಟ್ರೋಲು ಬಿಸಿ ಸೈಲೆನ್ಸರಿನಲ್ಲಿ ದೀಪಾವಳಿ ಮಾಡುತ್ತಿದೆ. ಸೈಲೆನ್ಸರ್ ಜಾಯಿಂಟ್ ಸಡಿಲವಾಗಿ ಗಾಳಿ ಎಳೆದರೆ ಹಬ್ಬ ಇನ್ನೂ ಜೋರು.

ಬೈಗುಳ ಕಾರ್ಬೊರೇಟರಿಗೆ, ತಪ್ಪು ಕರೆಂಟಿನದು. ಹಳೇ ಗಾಡಿಗಳಲ್ಲಿ ಇದು ಮಾಮೂಲು. ಆದ್ದರಿಂದ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ನೋಡಿ. ಪೂರ್ತಿ ತೆರೆದುಕೊಂಡಾಗ ಗ್ಯಾಪು 0.4ರಿಂದ 0.5 ಮಿ.ಮೀ. ಇರಬೇಕು; ಫೀಲರ್ ಗೇಜಿನಿಂದಲೇ (ಸಂದು ಅಳೆಯುವ ತೆಳು ತಗಡು) ಅಳೆಯಿರಿ, ಬ್ಲೇಡು, ಬಸ್ ಟಿಕೆಟು ಸಾಕು ಅನ್ನುವವರನ್ನು ಚಹಾ ತರಲು ಕಳಿಸಿ. ಪಾಯಿಂಟಿನ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಪಾಯಿಂಟನ್ನು ಕಿಡಿಯಿಂದ ಕಾಯುವ ಕಂಡೆನ್ಸರ್ ಮೇಲೆ ಅನುಮಾನ ಇರಲಿ. ಪಾಯಿಂಟ್ ಗ್ಯಾಪು ಸರಿಮಾಡಿದ ಮೇಲೆ ಟೈಮಿಂಗೂ, ಅಂದರೆ ಕಿಡಿ ಹಾರುವ ಹೊತ್ತೂ, ಕದಲುತ್ತದೆ. ಅದನ್ನು ಮತ್ತೆ ಹಿಡಿಯಲೇಬೇಕು. ಟೈಮಿಂಗ್ ತಡವಾದರೂ ಸೈಲೆನ್ಸರಿನಲ್ಲಿ ಪಟಾಕಿಯೇ.

ಪ್ಲಗ್ಗು ಬಿಚ್ಚಿದರೆ ಅದೇ ಜಾತಕ ಹೇಳುತ್ತದೆ. ತಿಳಿ ಕಂದು ಬಣ್ಣ ಕ್ಷೇಮ, ಕಾಡಿಗೆಯಂಥ ಮಸಿ ಪೆಟ್ರೋಲ್ ಹೆಚ್ಚಾದ ಗುರುತು, ಸುಣ್ಣದ ಬಿಳುಪು ಗಾಳಿ ಹೆಚ್ಚಾದ ಗುರುತು. ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆ ಓಡಾಡಿದ ಗಾಡಿಯಾದರೆ ಮಸಿ ಕಂಡಕೂಡಲೇ ಏರ್ ಫಿಲ್ಟರ್ ತೆಗೆಯಿರಿ. ಕೆಂಪು ಧೂಳು ಅಲ್ಲಿ ಮನೆ ಕಟ್ಟಿಕೊಂಡಿರುತ್ತದೆ.

ಪ್ಲಗ್ ವೈರುಗಳನ್ನು ವಾಪಸ್ ಹಾಕುವಾಗ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ ನೋಡಿ: ಪದ್ಮಿನಿಗೆ 1-3-4-2, ಮೂರು ಸಿಲಿಂಡರಿನ ಮಾರುತಿ 800ಕ್ಕೆ 1-3-2. ಎರಡು ಅದಲುಬದಲಾದರೆ ಗಾಡಿ ನೆಟ್ಟಗೆ ಹೊರಡುವುದಿಲ್ಲ, ಆದರೆ ಓಣಿಗೆಲ್ಲ ಕೇಳುತ್ತದೆ. ವೈರು ಸೀಳಿದೆಯೇ ಎಂದು ತಿಳಿಯಲು ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು ನೋಡಿ, ಮುಟ್ಟಬೇಡಿ. ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಬೀದಿಯಲ್ಲಿ ಕರೆಂಟು ಹೋದ ಹೊತ್ತು ಇದಕ್ಕೆ ಪ್ರಶಸ್ತ.

ಇಷ್ಟಾದ ಮೇಲೂ ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ‘ಉಂ...’ ಎಂದು ಯೋಚಿಸುತ್ತ ನಿಂತರೆ, ಈಗ ಕಾರ್ಬೊರೇಟರಿನ ಸರದಿ. ಎಂಜಿನ್ ಆಫ್ ಮಾಡಿ ಆರಲು ಬಿಡಿ, ಏರ್ ಫಿಲ್ಟರ್ ತೆಗೆದು ಥ್ರಾಟಲ್ ಎಳೆಯಿರಿ. ಒಳಗೆ ಪೆಟ್ರೋಲು ಪಿಚಕಾರಿಯಂತೆ ಚಿಮ್ಮಬೇಕು. ಹನಿ ಹನಿಯಾಗಿ ಬಂದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ, ಇಲ್ಲವೇ ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತು ಕಟ್ಟಿದೆ. ಡಯಾಫ್ರಮ್ ಒಂದಕ್ಕಾಗಿ ಇಡೀ ಕಾರ್ಬೊರೇಟರ್ ಬದಲಿಸುವುದು ಗುಂಡಿ ಕಿತ್ತಿತೆಂದು ಅಂಗಿ ಎಸೆದಂತೆ. ಟೈಮಿಂಗ್ ಹೊಂದಿಸುವ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪಿನಿಂದ ಬಾಯಲ್ಲಿ ಗಾಳಿ ಎಳೆದು, ತುದಿಯನ್ನು ನಾಲಿಗೆಯಿಂದ ಮುಚ್ಚಿ ನೋಡಿ. ಹಿಡಿತ ನಿಲ್ಲದಿದ್ದರೆ ಅಲ್ಲೂ ಸೋರಿಕೆ.

ಬೇಸಿಗೆಯ ಮಧ್ಯಾಹ್ನ ಮಾತ್ರ ಮುಗ್ಗರಿಸುವ ಗಾಡಿಯಲ್ಲಿ ಪೈಪಿನೊಳಗಿನ ಪೆಟ್ರೋಲು ಆವಿಯಾಗಿರಬಹುದು. ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ.

ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಉಸಿರು ಬಿಡುವ ಗಾಡಿಯಾದರೆ ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಸ್ಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ತೂತು ಕಟ್ಟಿದೆ ಎಂದೇ ಅರ್ಥ. ಒಂದು ಗುಂಡುಪಿನ್ನಿನ ಕೆಲಸ. ಗಾಡಿ ಹೊರಟಾಗ ಮಿರ್ಚಿ ಬಂಡಿಯಿಂದ ದನಿ ಕೇಳುತ್ತದೆ: “ನಾ ಹೇಳಿದ್ದಿಲ್ಲೇನ್ರಿ, ಕಾರ್ಬೊರೇಟರ್ ಅಂತ?”