ಎಕೋ (ಹೃದಯದ ಸ್ಕ್ಯಾನ್) ತಪ್ಪಿಸಬೇಡಿ, ದಯವಿಟ್ಟು
ಕೆಲವು ಕ್ಯಾನ್ಸರ್ ಔಷಧಗಳನ್ನು ಜೊತೆಯಾಗಿ ಕೊಟ್ಟರೆ ಹೃದಯಕ್ಕೆ ಅಪಾಯ ಜಾಸ್ತಿ ಅಂತ ನಾನು ಓದಿದ ಲೇಖನವೊಂದು ಹೇಳಿದೆ. ಸರಿಯೇ, ಆದರೆ ಎಷ್ಟು ಜಾಸ್ತಿ ಅಂತಲೂ ಬರೆಯಬೇಕಿತ್ತು. ಹರಡಿದ ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮ್ಯಾಬ್ (ಹರ್2 ಎಂಬ ಪ್ರೋಟೀನನ್ನು ತಡೆಯುವ ಔಷಧ) ಕೊಟ್ಟು ನೋಡಿದ, 2001ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವನ್ನೇ ತಗೊಳ್ಳಿ. ಡಾಕ್ಸೊರುಬಿಸಿನ್‌ನಂಥ ಔಷಧ ಇರುವ ಕೀಮೋ ಮಾತ್ರ ಪಡೆದವರಲ್ಲಿ ಶೇ. 8 ಜನರಿಗೆ ಹೃದಯದ ತೊಂದರೆ ಆಯಿತು, ಅದರ ಜೊತೆಗೇ ಟ್ರಾಸ್ಟುಜುಮ್ಯಾಬ್ ಕೂಡ ಕೊಟ್ಟಾಗ ಅದು ಶೇ. 27ಕ್ಕೆ ಏರಿತು! ಡಾಕ್ಸೊರುಬಿಸಿನ್ ಹೃದಯದ ಸ್ನಾಯುಕೋಶಗಳಿಗೆ ಪೆಟ್ಟು ಕೊಡುತ್ತದೆ, ಆ ಕೋಶಗಳು ಚೇತರಿಸಿಕೊಳ್ಳಲು ಬಳಸುವ ಹರ್2 ದಾರಿಯನ್ನೇ ಟ್ರಾಸ್ಟುಜುಮ್ಯಾಬ್ ಮುಚ್ಚುತ್ತದೆ. ಅದಕ್ಕೇ ಈಗ ಸಾಮಾನ್ಯವಾಗಿ ಒಂದಾದ ಮೇಲೆ ಒಂದು ಕೊಡುತ್ತಾರೆ, ನಡುನಡುವೆ ಎಕೋ ಮಾಡಿಸುತ್ತಾರೆ.

ಆ ಎಕೋ ತಪ್ಪಿಸಬೇಡಿ. ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದ್ದು ಎಷ್ಟೋ ಜನರಿಗೆ ಮೊದಲು ಗೊತ್ತಾಗುವುದೇ ಅದರಲ್ಲಿ, ಮೈಗೆ ಏನೂ ಅನ್ನಿಸಿರುವುದಿಲ್ಲ. ಮಲಗಿದರೆ ಉಸಿರು ಕಟ್ಟಿ ಇನ್ನೊಂದು ದಿಂಬು ಬೇಕಾಗುವುದು, ಸಂಜೆ ಹೊತ್ತಿಗೆ ಪಾದ ಊದಿ ಕಾಲುಚೀಲದ ಗೆರೆ ಮೂಡುವುದು, ಇದನ್ನೆಲ್ಲ ಕೀಮೋ ಸುಸ್ತು ಅಂತ ಸುಮ್ನೆ ಬಿಡುವವರು ಇದ್ದಾರಲ್ವಾ? ವೈದ್ಯರಿಗೆ ತಕ್ಷಣ ಹೇಳಿ. ಹಾಗಂತ ಹೆದರಿ ಔಷಧ ನೀವೇ ನಿಲ್ಲಿಸಬೇಡಿ. ಟ್ರಾಸ್ಟುಜುಮ್ಯಾಬ್‌ನಿಂದ ಕುಗ್ಗಿದ ಪಂಪ್, ವೈದ್ಯರು ಅದನ್ನು ಸ್ವಲ್ಪ ತಡೆಹಿಡಿದು ಹೃದಯದ ಮಾತ್ರೆ ಕೊಟ್ಟರೆ ಎಷ್ಟೋ ಸಲ ಸುಧಾರಿಸುತ್ತದೆ.