ಕರೆಂಟ್ ಇಲ್ಲದ ಮನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮೊನ್ನೆ ಬುಧವಾರ ಸಂಜೆ ಹೋದ ಕರೆಂಟ್ ಶುಕ್ರವಾರ ಬೆಳಿಗ್ಗೆ ಬಂತು. ಶಿರಸಿ ಕಡೆಯ ಹಳ್ಳಿಯವರಿಗೆ ಇದು ಹೊಸ ಸುದ್ದಿಯಲ್ಲ. ಜೂನ್ ತಿಂಗಳು, ಗಾಳಿ ಮಳೆ, ಬೆಟ್ಟದಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರುತ್ತದೆ, ಲೈನ್‌ಮ್ಯಾನ್ ಪಾಪ ಆ ಮಳೆಯಲ್ಲೇ ಅದನ್ನು ಹುಡುಕಿಕೊಂಡು ಹೋಗಬೇಕು. ಇನ್ವರ್ಟರ್ ಬುಧವಾರ ರಾತ್ರಿಗೇ ಮುಗಿಯಿತು. ಗುರುವಾರ ಬೆಳಗಾಗುವಷ್ಟರಲ್ಲಿ ಹತ್ತಿರದ ಟವರಿನ ಬ್ಯಾಟರಿಯೂ ಖಾಲಿ. ಆಯಿ ಗಂಟೆಗೊಮ್ಮೆ ಸ್ವಿಚ್ ಹಾಕಿ ನೋಡಿ "ಕೂಸೇ, ಕರೆಂಟ್ ಇನ್ನೂ ಬೈಂದಿಲ್ಲೆ" ಅನ್ನುತ್ತಿದ್ದಳು. ಮಧ್ಯಾಹ್ನ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದೆ. ಅಲ್ಲಿ ಬೇರೆ ಟವರಿನ ಸಿಗ್ನಲ್ ಸ್ವಲ್ಪ ಸಿಗುತ್ತದೆ. ಆಫೀಸಿಗೆ ಮೆಸೇಜ್ ಹಾಕಿದರೆ ಬಂದ ಉತ್ತರ ಇದು: "ಬೆಳಗ್ಗಿನ ಕಾಲ್‌ನಲ್ಲಿ ಎಲ್ಲಾ ತೀರ್ಮಾನ ಆಯ್ತು, ಯಾರನ್ನಾದರೂ ಕೇಳಿಕೊಳ್ಳಿ."

ನನಗೆ ಬೇಜಾರಾಗಿದ್ದು ಈ "ಯಾರನ್ನಾದರೂ ಕೇಳಿಕೊಳ್ಳಿ" ಎನ್ನುವ ಮಾತಿಗೆ. ಕೊರೊನಾ ಬಂದ ಮಾರ್ಚ್ 2020ರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇವೆ, ಈ ಜೂನ್ 2021ಕ್ಕೆ ಹದಿನೈದು ತಿಂಗಳಾಯಿತು. ನನ್ನ ತಂಡದಲ್ಲಿ ಒಂಬತ್ತು ಜನ. ನಾನು ಮಗನನ್ನು ಕಟ್ಟಿಕೊಂಡು ತವರಿಗೆ ಬಂದಿದ್ದೇನೆ, ಒಬ್ಬಳು ಕುಮಟಾದಲ್ಲಿ, ಒಬ್ಬ ಕಾರವಾರದಲ್ಲಿ, ಉಳಿದವರು ಬೆಂಗಳೂರಿನಲ್ಲಿ. ಬೆಂಗಳೂರಿನವರೆಲ್ಲ ಆರಾಮಾಗಿದ್ದಾರೆ ಅಂತಲೂ ಅಲ್ಲ. ಅವರಲ್ಲೊಬ್ಬ ಪಿಜಿಯ ಮಂಚದ ಮೇಲೆ ಕೂತು, ಮಡಿಲಲ್ಲಿ ದಿಂಬಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುತ್ತಾನೆ.

ಕಂಪನಿಗಳನ್ನು ನಡೆಸುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮಲ್ಲಿ ಎಲ್ಲರಿಗಿಂತ ಕೆಟ್ಟ ನೆಟ್‌ವರ್ಕ್ ಯಾರಿಗಿದೆಯೋ ಅವರಿಂದ ಆಗುವ ಹಾಗೆ ಕೆಲಸದ ಕ್ರಮ ಮಾಡಿ. ಎಲ್ಲವನ್ನೂ ಕಾಲ್‌ನಲ್ಲೇ ಹೇಳಿ ಮುಗಿಸಿದರೆ, ಆ ಹೊತ್ತಿಗೆ ಕರೆಂಟ್ ಇಲ್ಲದವನು ಹೊರಗೇ ಉಳಿಯುತ್ತಾನೆ. ಅದನ್ನೇ ಹತ್ತು ಸಾಲು ಬರೆದಿಟ್ಟರೆ? ಏನು ತೀರ್ಮಾನ ಆಯ್ತು, ಯಾಕೆ, ಯಾರು ಮಾಡುತ್ತಾರೆ, ಯಾವತ್ತಿಗೆ ಬೇಕು, ಇಷ್ಟು ಸಾಕು. ಕರೆಂಟ್ ಬಂದ ಕೂಡಲೇ ಓದಿಕೊಂಡು ಕೆಲಸ ಶುರು ಮಾಡಬಹುದು, ಇನ್ನೊಬ್ಬರ ಸಮಯ ಹಾಳು ಮಾಡುವುದೂ ಬೇಡ. ಜ್ವರ ಬಂದು ಹತ್ತು ದಿನ ಮಲಗಿ ಎದ್ದವರಿಗೂ ಇದೇ ದಾರಿ, ಮಗುವಿನ ಆನ್‌ಲೈನ್ ಕ್ಲಾಸಿಗೆ ತಾನೇ ಪಕ್ಕದಲ್ಲಿ ಕೂರಬೇಕಾದ ತಾಯಿಗೂ ಇದೇ. ನಮ್ಮ ತಂಡದಲ್ಲಿ ಜನವರಿಯಿಂದ ಹೀಗೆ ಮಾಡುತ್ತಿದ್ದೇವೆ. ದಿನಕ್ಕೆ ಮೂರು ಇದ್ದ ಕಾಲ್ ಈಗ ವಾರಕ್ಕೆ ಎರಡು. ಕೆಲಸ ಒಂದು ದಿನವೂ ನಿಂತಿಲ್ಲ. ಮೊನ್ನೆ ತೀರ್ಮಾನ ಮಾಡಿದ್ದು ನಮ್ಮ ತಂಡ ಅಲ್ಲ, ಮೇಲಿನವರು. ಅವರಿನ್ನೂ ಬರೆದಿಡುವುದಿಲ್ಲ.

ವೀಡಿಯೊ ಹಾಕಲೇಬೇಕು ಎನ್ನುವ ನಿಯಮ ಬಿಡಿ. ಒಂದು ತಾಸಿನ ಗುಂಪು ವೀಡಿಯೊ ಕಾಲ್‌ಗೆ ಒಂದು ಜಿಬಿ ಸುಮ್ನೆ ಹೋಗುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದು ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಮೊಬೈಲ್ ಪ್ಯಾಕ್ ಮೇಲೆ, ಅದರಲ್ಲೇ ಮಕ್ಕಳ ಕ್ಲಾಸೂ ಆಗಬೇಕು. ಬರೀ ದನಿಯಾದರೆ ಸಾಮಾನ್ಯವಾಗಿ ನೂರು ಎಂಬಿಯೊಳಗೆ ಮುಗಿಯುತ್ತದೆ. ಮಾಮೂಲಿ ಫೋನಿನಿಂದ ನಂಬರ್ ಒತ್ತಿ ಮೀಟಿಂಗ್ ಸೇರುವ ವ್ಯವಸ್ಥೆಯೂ ಇದೆ, ಅದಕ್ಕೆ ಡೇಟಾನೇ ಬೇಡ. ಕಂಪನಿ ಅದನ್ನು ತೆಗೆದುಕೊಂಡು ಆನ್ ಮಾಡಿಸಿಡಬೇಕು, ಅಷ್ಟೇ.

ಇನ್ನೊಂದು ಸಣ್ಣ ವಿಷಯ, ಆದರೆ ಜನ ಅತ್ತಿದ್ದನ್ನು ನೋಡಿದ್ದೇನೆ. ಲೈನ್ ತಪ್ಪಿದಾಗಲೆಲ್ಲ ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ) ಹೊರಗೆ ಹಾಕುತ್ತದೆ, ಮತ್ತೆ ಒಳಗೆ ಹೋಗಲು ಎಸ್‌ಎಂಎಸ್‌ನಲ್ಲಿ ಒಟಿಪಿ ಬರಬೇಕು, ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಕುಮಟಾದ ಹುಡುಗಿ ಒಟಿಪಿಗಾಗಿ ಅಂಗಳಕ್ಕೆ ಓಡಿ, ನಂಬರ್ ಬಾಯಲ್ಲಿ ಹೇಳಿಕೊಳ್ಳುತ್ತಾ ಒಳಗೆ ಬರುವಷ್ಟರಲ್ಲಿ ಸಮಯ ಮೀರಿರುತ್ತಿತ್ತು. ಫೋನಿನಲ್ಲೇ ಅರ್ಧ ನಿಮಿಷಕ್ಕೊಮ್ಮೆ ಹೊಸ ನಂಬರ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದೆಯಲ್ವಾ, ಅದು ನಂಬರ್ ಲೆಕ್ಕ ಹಾಕುವುದು ಫೋನಿನ ಗಡಿಯಾರ ನೋಡಿ. ಅದಕ್ಕೆ ಸಿಗ್ನಲ್ ಬೇಡ. ಬದಲಾಯಿಸಲು ನಮ್ಮ ಐಟಿಯವರಿಗೆ ಹಿಡಿದಿದ್ದು ಒಂದು ಮಧ್ಯಾಹ್ನ. ಕೇಳಲು ನಮಗೆ ಹಿಡಿದಿದ್ದು ಹತ್ತು ತಿಂಗಳು.

ಆಫೀಸಿನ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡಿ ಹಾಜರಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದುಹೋಯಿತು. ಕಂಬಗಳು ಬಿದ್ದವು. ಅದರ ಮರುದಿನ, ಸೋಮವಾರ, ಕಾರವಾರದ ಹುಡುಗ ಮನೆಯೊಳಗಿನ ನೀರು ಬಳಿದು ಹಾಕುತ್ತಿದ್ದ, ಆ ದಿನ ಅವನಿಗೆ ಅರ್ಧ ದಿನದ ರಜೆ ಕಡಿತ ಬಿತ್ತು. ಅವನು ಶುಕ್ರವಾರವೇ ಆ ವಾರದ ಕೆಲಸ ಮುಗಿಸಿ ಕಳಿಸಿದ್ದ, ಅದನ್ನು ಯಾರೂ ತೆರೆದೇ ನೋಡಿರಲಿಲ್ಲ. ಮೌಸ್ ಅಲ್ಲಾಡುತ್ತಿದೆಯಾ ಎಂದು ನೋಡುವ, ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್ ಫೋಟೊ ತೆಗೆಯುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಕಂಪನಿಗಳಿವೆ. ಆ ದುಡ್ಡಿನಲ್ಲಿ ಬ್ಯಾಟರಿ ಕೊಡಿಸಿ ಎಂದು ಕೈ ಮುಗಿದು ಕೇಳುತ್ತೇನೆ.

ದುಡ್ಡಿನ ಮಾತು ಆಡಲೇಬೇಕು. ಆಫೀಸಿನಲ್ಲಿ ಕರೆಂಟ್, ಜನರೇಟರ್, ಕುರ್ಚಿ, ಇಂಟರ್ನೆಟ್ ಎಲ್ಲ ಕಂಪನಿಯದ್ದೇ ಇತ್ತು. ಈಗ ಅದೆಲ್ಲ ನಮ್ಮ ಮನೆಯ ಖರ್ಚು. ಬೆನ್ನು ನೋವಿಲ್ಲದೆ ಕೂರುವ ಒಂದು ಕುರ್ಚಿ, ಇಂಟರ್ನೆಟ್ ಬಿಲ್, ಹಳ್ಳಿಯಲ್ಲಿರುವವರಿಗೆ ಇನ್ವರ್ಟರ್ ಬ್ಯಾಟರಿ, ಇದನ್ನು ಕೊಡುವುದು ಉಪಕಾರವಲ್ಲ. ಸರ್ಕಾರದ ನಿಯಮ ಅಡ್ಡ ಬರುತ್ತದೆ ಎಂದು ಹೇಳುವ ಕಾಲವೂ ಹೋಯಿತು. ಕಾಲ್ ಸೆಂಟರ್‌ನಂಥ ಕೆಲಸಗಳನ್ನು ಮನೆಯಿಂದ ಮಾಡಿಸಲು ಇದ್ದ ಕಟ್ಟುಪಾಡನ್ನು ದೂರಸಂಪರ್ಕ ಇಲಾಖೆ ಮಾರ್ಚ್ 2020ರಲ್ಲಿ ತಾತ್ಕಾಲಿಕವಾಗಿ ಸಡಿಲಿಸಿತ್ತು, ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಯನ್ನೇ ತಂದಿತು.

ಕಾಯಿಲೆ ಬಂದಾಗ ರಿಪೋರ್ಟ್ ಕೇಳಬೇಡಿ. ಕೊರೊನಾ ಎರಡನೇ ಅಲೆಯಲ್ಲಿ ನಮ್ಮಲ್ಲೊಬ್ಬನಿಗೆ 102 ಡಿಗ್ರಿ ಜ್ವರ, ಪರೀಕ್ಷೆಯ ಫಲಿತಾಂಶ ಬರಲು ನಾಲ್ಕು ದಿನ ಆಯಿತು, ಆ ನಾಲ್ಕು ದಿನವೂ ಅವನು ಕೆಲಸ ಮಾಡಿದ. ಅವನು ಕೆಮ್ಮುತ್ತಾ ಮಾತಾಡಿದ ಆ ಕಾಲ್ ನನಗೆ ಇನ್ನೂ ಮರೆಯಲಾಗುತ್ತಿಲ್ಲ. ಅವತ್ತು ಫೋನ್ ಇಟ್ಟು ಮಲಗು ಮಾರಾಯ ಎಂದು ನಾನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಜ್ವರ ಇಳಿದ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದೆ. ಲಸಿಕೆ ಹಾಕಿಸಿಕೊಳ್ಳುವ ದಿನ ಮತ್ತು ಅದರ ಮರುದಿನ, ಎರಡೂ ರಜೆ ಕೊಡಿ. ತಾಲೂಕು ಆಸ್ಪತ್ರೆಯ ಸರತಿಯಲ್ಲಿ ನಿಂತು ಬರುವುದಕ್ಕೇ ಒಂದು ಹೊತ್ತು ಹೋಗುತ್ತದೆ.

ಜುಲೈ ಮಳೆ ಇನ್ನೂ ಬರಬೇಕು. ಅದಕ್ಕೆ ಮುಂಚೆ ನಿಮ್ಮವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಕರೆಂಟ್ ಎಷ್ಟು ತಾಸು ಇರುತ್ತದೆ, ಸಿಗ್ನಲ್ ಮನೆಯೊಳಗೆ ಸಿಗುತ್ತದಾ, ಎಲ್ಲಿ ಕೂತು ಕೆಲಸ ಮಾಡುತ್ತೀರಿ, ಮನೆಯಲ್ಲಿ ಯಾರನ್ನು ನೋಡಿಕೊಳ್ಳಬೇಕು ಅಂತ ಕೇಳಿ. ನಾನು ಕೇಳಿದಾಗ ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿಯಿತು. ಕುಮಟಾದವಳ ಅಜ್ಜಿ ಹಾಸಿಗೆ ಹಿಡಿದಿದ್ದಾರೆ ಎಂದು ನನಗೆ ಗೊತ್ತಾಗಿದ್ದೇ ಆವತ್ತು. ಅವಳಿಗೆ ಹೊಸ ಬ್ಯಾಟರಿ ನಿನ್ನೆ ತಲುಪಿತು. ಕಾರವಾರಕ್ಕೆ ಹೋಗಬೇಕಾದ್ದರ ಬಿಲ್ ಇನ್ನೂ ಮೇಜಿನ ಮೇಲೇ ಇದೆ. ಸಹಿ ಹಾಕಬೇಕಾದವರು ಇದನ್ನು ಓದುತ್ತಿದ್ದರೆ, ಸೋಮವಾರ ಬೆಳಿಗ್ಗೆಯೇ ಹಾಕಿಬಿಡಿ.